ಕತ್ತರಿಸಬೇಕಾದ್ದು ಖಾಲಿ ಜಾಗ, ಕನ್ನಡದ ಅಕ್ಷರವನ್ನಲ್ಲ!



ಕೊಡಗಿನ ಮಡಿಕೇರಿ ಪಕ್ಕದಲ್ಲಿ ಗಾಳಿಬೀಡು ಎಂಬ ಊರಿದೆ. ಹೆಸರಿನಲ್ಲಿ ಕಣ್ಣಿಗೆ ಕಾಣುವುದು ನಾಲ್ಕೇ ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಗುಣಿತದ ಚಿಹ್ನೆಗಳೂ ಸೇರಿ 8 ಸಂಕೇತ. ಅರ್ಜಿ ತುಂಬುವಾಗ ಬೆರಳು ತಾಗಿ ಕೊನೆಗೊಂದು ಖಾಲಿ ಜಾಗ ಬಿತ್ತೆನ್ನಿ, 9 ಆಯಿತು! ಕಂಪ್ಯೂಟರಿಗೆ ಅದು ಬೇರೆಯೇ ಊರು. ಹುಡುಕಿದರೆ 'ದಾಖಲೆ ಇಲ್ಲ' ಎನ್ನುತ್ತದೆ. ಊರಿದೆ, ಜನರಿದ್ದಾರೆ, ಜಿಲ್ಲೆಯ ನವೋದಯ ವಿದ್ಯಾಲಯವೂ ಅಲ್ಲೇ ಇದೆ. ದಾಖಲೆ ಮಾತ್ರ ಇಲ್ಲ!

ಇದಕ್ಕೆ ಮದ್ದು 'ಟ್ರಿಮ್' ಎಂಬ ಒಂದು ಸಾಲಿನ ಆಜ್ಞೆ. ಪದದ ಹಿಂದೆ ಮುಂದೆ ಅಂಟಿದ ಖಾಲಿ ಜಾಗವನ್ನು ಅದು ಕತ್ತರಿಸುತ್ತದೆ. ಆದರೆ ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿಯನ್ನು ಕನ್ನಡಕ್ಕೆ ತೊಡಿಸಿದರೆ ಏನಾಗುತ್ತದೆ, ನೋಡಿ.

ಪಿಎಚ್‌ಪಿಯ ಹಳೆಯ ಟ್ರಿಮ್‌ಗೆ ಅಕ್ಷರ ಗೊತ್ತಿಲ್ಲ, ಬೈಟ್ ಮಾತ್ರ ಗೊತ್ತು. ವೆಬ್ ಪುಟದಿಂದ ನಕಲು ಮಾಡಿದಾಗ ಬರುವ 'ಒಡೆಯದ ಖಾಲಿ ಜಾಗ'ವನ್ನೂ ತೆಗೆಯೋಣವೆಂದು ಕೆಲವರು 160 ಎಂಬ ಬೈಟನ್ನು ಕತ್ತರಿಸುವ ಪಟ್ಟಿಗೆ ಸೇರಿಸುತ್ತಾರೆ. ಯುಟಿಎಫ್-8ರಲ್ಲಿ ನಮ್ಮ 'ಠ' ಅಕ್ಷರದ ಮೂರು ಬೈಟುಗಳು ಯಾವುವು ಗೊತ್ತೇ? 224, 178, 160! ಹಿರೇಮಠ ಎಂಬ ಹೆಸರಿನ ಕೊನೆಯ ಬೈಟು ಹಾರಿಹೋಗುತ್ತದೆ. ಉಳಿಯುವುದು 'ಹಿರೇಮ' ಮತ್ತು ಒಂದು ಪ್ರಶ್ನಾರ್ಥಕ ಚಿಹ್ನೆ. ಮಠವೂ ಹೋಯಿತು, ಪಾಠವೂ ಹೋಯಿತು!

ಇನ್ನು ಕೆಲವು ಮಹಾಶಯರು 'ಕಾಣದ ಸಂಕೇತವೆಲ್ಲ ಕಸ' ಎಂದು ಸಾರಾಸಗಟಾಗಿ ಅಳಿಸುತ್ತಾರೆ. ರಾಜ್‌ಕುಮಾರ್ ಎಂದು ಬರೆಯುವಾಗ 'ಜ್' ಮತ್ತು 'ಕು' ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವಿದೆ. ಅದನ್ನು ಕಿತ್ತರೆ ರಾಜ್ಕುಮಾರ್ ಆಗುತ್ತದೆ. ಅದು ಕಸವೇ? ಅದು ನಮ್ಮ ಬರವಣಿಗೆಯ ಅಂಗ! ಆದರೆ ಕೆಲವು ಕೀಲಿಮಣೆ ತಂತ್ರಾಂಶಗಳು ಅದನ್ನೇ 'ಕುಮಾರ್' ಪದದ ಕೊನೆಗೂ ಅಂಟಿಸುತ್ತವೆ. ಅಲ್ಲಿ ಅದರಿಂದ ಪ್ರಯೋಜನವಿಲ್ಲ. ಸಾಮಾನ್ಯ ಟ್ರಿಮ್ ಅದನ್ನು ಖಾಲಿ ಜಾಗವೆಂದು ಎಣಿಸುವುದೂ ಇಲ್ಲ. ಮತ್ತೆ ಒಬ್ಬ ಕುಮಾರ್ ಇಬ್ಬರಾಗುತ್ತಾನೆ!

ಯಂತ್ರದ ಮೇಲೆ ಗೂಬೆ ಕೂರಿಸಬೇಡಿ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದೆ. 2024ರಲ್ಲಿ ಬಂದ ಪಿಎಚ್‌ಪಿ 8.4ರಲ್ಲಿ ಬೈಟನ್ನಲ್ಲ, ಅಕ್ಷರವನ್ನು ನೋಡಿ ಕತ್ತರಿಸುವ 'ಎಂಬಿ ಟ್ರಿಮ್' ಕೂಡ ಇದೆ. ಇಲ್ಲದಿರುವುದು ಏನು? ಕನ್ನಡದಲ್ಲಿ ಒಮ್ಮೆ ಪರೀಕ್ಷಿಸಿ ನೋಡುವ ಮನಸ್ಸು!

ಬೆಂಗಳೂರಿನ ಕಂಪನಿಗಳಲ್ಲಿ ಕೋಡ್ ಬರೆಯುವ ಕನ್ನಡಿಗರೇ, ಈ ಕೆಲಸ ನಿಮ್ಮದು. ತುದಿಯ ಖಾಲಿ ಜಾಗವನ್ನು ಕತ್ತರಿಸಿ. ತುದಿಯಲ್ಲಿ ಅಂಟಿದ ಕಾಣದ ಸಂಕೇತವನ್ನೂ ತೆಗೆಯಿರಿ. ಪದದ ನಡುವಿನದನ್ನು ಮಾತ್ರ ಮುಟ್ಟಬೇಡಿ. ನಾಳೆಯೇ ನಿಮ್ಮ ಪರೀಕ್ಷಾ ಪಟ್ಟಿಗೆ ಮೂರು ಹೆಸರು ಸೇರಿಸಿ: ಗಾಳಿಬೀಡು, ಹಿರೇಮಠ, ರಾಜ್‌ಕುಮಾರ್. ಈ ಮೂರೂ ಸರಿಯಾಗಿ ಹೊರಬರುವ ತನಕ ಆ ತಂತ್ರಾಂಶ ಕನ್ನಡ ನಾಡಿಗೆ ಸಿದ್ಧವಾಗಿಲ್ಲವೆಂದು ಮೇಲಧಿಕಾರಿಯ ಮುಂದೆ ಗಟ್ಟಿ ದನಿಯಲ್ಲಿ ಹೇಳಿ!