ಮಕ್ಕಳು ಕೇಳಲಿ, ಬಾಯಿ ಮುಚ್ಚಿಸಬೇಡಿ

ಪ್ರಿಮೋ ಲೆವಿ ಇಟಲಿಯ ಟ್ಯೂರಿನ್‌ನವರು, ಕೆಮಿಸ್ಟ್. ಯಹೂದಿ ಎಂಬ ಕಾರಣಕ್ಕೆ 1944ರ ಫೆಬ್ರವರಿಯಲ್ಲಿ ಅವರನ್ನು ಆಶ್‌ವಿಟ್ಸ್ ಶಿಬಿರಕ್ಕೆ ಸಾಗಿಸಿದರು. ಆ ರೈಲಿನಲ್ಲಿದ್ದ ಸುಮಾರು 650 ಜನರಲ್ಲಿ ಜೀವಂತ ಮರಳಿದವರು ತೀರಾ ಕಡಿಮೆ. ಬದುಕಿ ಬಂದ ಲೆವಿ 1947ರಲ್ಲಿ ತಾನು ಕಂಡದ್ದನ್ನು ಪುಸ್ತಕ ಮಾಡಿದರು. 1973ರ ಶಾಲಾ ಆವೃತ್ತಿಗೆ ಟಿಪ್ಪಣಿಯನ್ನೂ ಅವರೇ ಬರೆದರು.

ಶಾಲೆಗಳಲ್ಲಿ ಮಕ್ಕಳು ಮತ್ತೆ ಮತ್ತೆ ಕೇಳಿದ್ದು: ನೀವೇಕೆ ಓಡಿಹೋಗಲಿಲ್ಲ? ಹಸಿವು, ಬೋಳಿಸಿದ ತಲೆ, ಕಾಲಿಗೆ ಮರದ ಚಪ್ಪಲಿ, ಬಾರದ ಭಾಷೆ, ಹೊರಗೆ ಆಸರೆಯಿಲ್ಲ ಎಂದು ಒಂದೊಂದಾಗಿ ಬಿಡಿಸಿ ಹೇಳಿದರು. ಇಂಥ ಉತ್ತರಗಳೇ 1976ರಲ್ಲಿ ಪುಸ್ತಕದ ಅನುಬಂಧವಾದವು.

ಇಂಥ ಪುಸ್ತಕವನ್ನು ಹೈಸ್ಕೂಲಿನಲ್ಲಿ ಕಲಿಸಬೇಕು, ಆದರೆ ಐದು ಅಂಕದ ಪ್ರಶ್ನೆಗಾಗಿ ಅಲ್ಲ. ಟಿವಿಯಲ್ಲಿ ಗಾಝಾ ನೋಡಿದ ನಮ್ಮ ಮಕ್ಕಳು, ಯಹೂದಿಯ ಕಥೆ ನಮಗೇಕೆ ಎನ್ನಬಹುದು. ಅನ್ನಲಿ. 1982ರಲ್ಲಿ ಇಸ್ರೇಲ್ ಲೆಬನಾನ್‌ಗೆ ಸೇನೆ ನುಗ್ಗಿಸಿದಾಗ ಬಹಿರಂಗವಾಗಿ ವಿರೋಧಿಸಿದವರಲ್ಲಿ ಇದೇ ಲೆವಿಯೂ ಇದ್ದರು ಎಂದು ಮಾಸ್ತರು ತಿಳಿಸಲಿ. ತಾನು ಅನುಭವಿಸಿದ ನೋವು ಇನ್ನೊಬ್ಬರಿಗೆ ನೋವು ಕೊಡಲು ಪರವಾನಗಿ ಅಲ್ಲ. ಇನ್ನೊಬ್ಬರ ನೋವನ್ನು ಒಪ್ಪಿಕೊಂಡರೆ ನಮ್ಮ ನೋವೇನೂ ಸಣ್ಣದಾಗುವುದಿಲ್ಲ. ಹದಿನೈದರ ವಯಸ್ಸಿನಲ್ಲಿ ಇಷ್ಟು ತಿಳಿದರೆ ಆ ಪಾಠ ಸಾರ್ಥಕ.