ಮನಸ್ಸಿನ ನಾಟಕ: ರಂಗದಲ್ಲಿ, ಮನೆಯಲ್ಲಿ, ಆಳ್ವಿಕೆಯಲ್ಲಿ

ಮಾನಸಿಕ ನಾಟಕದಲ್ಲಿ ನಡೆದ ಘಟನೆಗಿಂತ, ಪಾತ್ರ ಅದಕ್ಕೆ ಒಳಗೊಳಗೇ ಕೊಟ್ಟುಕೊಳ್ಳುವ ಸಮರ್ಥನೆ ಮುಖ್ಯ. ಇತರರಿಗೆ ಸುಳ್ಳು ಹೇಳುವ ಮೊದಲೇ ಪಾತ್ರ ಅದನ್ನು ತನಗೆ ಹೇಳಿಕೊಂಡು ನಂಬಿರುತ್ತದೆ. ಬೆಲೆ ತೆರುವವರು ಮಾತ್ರ ಬೇರೆಯವರು. ಇಬ್ಸೆನ್‌ನ ‘ಎ ಡಾಲ್ಸ್ ಹೌಸ್’ (1879) ನಾಟಕದಲ್ಲಿ ಕೊಲೆಯಿಲ್ಲ, ಕಾಳಗವಿಲ್ಲ. ಎಂಟು ವರ್ಷದ ದಾಂಪತ್ಯದ ಬಣ್ಣ ಬಯಲಾಗಲು ಅಂಚೆಪೆಟ್ಟಿಗೆಗೆ ಬಿದ್ದ ಒಂದು ಕಾಗದ ಸಾಕಾಗುತ್ತದೆ.

ಮಹಾಭಾರತದ ಪುರು ತಂದೆ ಯಯಾತಿಯ ಮುಪ್ಪನ್ನು ಹೊತ್ತು ಆದರ್ಶ ಮಗನೆನಿಸಿಕೊಂಡವನು. ಗಿರೀಶ ಕಾರ್ನಾಡರು ‘ಯಯಾತಿ’ಯಲ್ಲಿ (1961) ಅವನಿಗೊಬ್ಬ ಹೆಂಡತಿಯನ್ನು ತಂದರು. ತಂದೆ ಕೇಳಿದ್ದು, ಮಗ ಒಪ್ಪಿದ್ದು ಅವರವರ ಲೆಕ್ಕದಲ್ಲಿ ಸರಿಯೇ. ಆ ಹೆಂಡತಿ ಚಿತ್ರಲೇಖೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಅವಳು ಮಾವನನ್ನು ನೇರವಾಗಿ ಪ್ರಶ್ನಿಸುತ್ತಾಳೆ, ಕೊನೆಗೆ ವಿಷ ಕುಡಿಯುತ್ತಾಳೆ. ಕಾರ್ನಾಡರು ಆಕ್ಸ್‌ಫರ್ಡಿಗೆ ಹೊರಟಿದ್ದ, ಮನೆಯವರು ಕಳವಳಗೊಂಡಿದ್ದ ದಿನಗಳಲ್ಲಿ ಹುಟ್ಟಿದ ನಾಟಕವಿದು. ಸಾಮಾನ್ಯ ಮನೆಗಳಲ್ಲಿ ಮುಪ್ಪನ್ನು ಇಷ್ಟು ನೇರವಾಗಿ ಯಾರೂ ದಾಟಿಸುವುದಿಲ್ಲ. “ನಮ್ಮದೇನಪ್ಪಾ, ಇಂದೋ ನಾಳೆಯೋ ಹೋಗುವವರು, ನಿನಗೆ ಸರಿ ಕಂಡಂತೆ ಮಾಡು” ಎಂದರೆ ಮುಗಿಯಿತು. ಈ ಮಾತಿನಲ್ಲಿ ಅನುಮತಿಯೂ ಇದೆ, ತಡೆಯೂ ಇದೆ. ಜಗಳವಾಡೋಣವೆಂದರೆ ಜಗಳಕ್ಕೆ ಕಾರಣವೇ ಸಿಗದು.

ರಾಜಕೀಯಕ್ಕೆ ಬಂದರೆ ಅದೇ ಲೇಖಕರ ‘ತುಘಲಕ್’ (1964) ಇದೆ. ತನ್ನ ಮೇಲೆ ದಾವೆ ಹೂಡಿದ ಬ್ರಾಹ್ಮಣನ ಮುಂದೆ ಸುಲ್ತಾನ ಸೋಲೊಪ್ಪಿ, ತನ್ನ ನ್ಯಾಯಪರತೆಯನ್ನು ಜನರೆದುರು ಮೆರೆಯುತ್ತಾನೆ. ಆ ಬ್ರಾಹ್ಮಣನೋ ವೇಷ ಹಾಕಿದ ಅಗಸ ಅಜೀಜ್! ಆಳುವವನೇ ಪಾತ್ರ ಕಟ್ಟಲು ತೊಡಗಿದರೆ ಪ್ರಜೆಗಳೂ ವೇಷ ಕಲಿಯುತ್ತಾರೆ. ಇತಿಹಾಸದ ಮಹಮ್ಮದ್ ಬಿನ್ ತುಘಲಕ್ (1325–51) ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಕಟ್ಟಿದಾಗ ಆದದ್ದೂ ಇಂಥದೇ: ಖೋಟಾ ನಾಣ್ಯ ತುಂಬಿ ತುಳುಕಿ, ಕೊನೆಗೆ ಖಜಾನೆಯೇ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು.

ರಂಗಕ್ಕೂ ರಾಜ್ಯಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಪ್ರೇಕ್ಷಕ ಸುಲ್ತಾನನ ಒಂಟಿತನವನ್ನೂ ಕಾಣುತ್ತಾನೆ. ಪ್ರಜೆಗೆ ಕಾಣುವುದು ಅವನ ಫರ್ಮಾನು ಮಾತ್ರ. ಆದರೂ ಆಳುವವರ ಮನಸ್ಸನ್ನು ಓದುವ ಚಪಲ ಪ್ರಜೆಗಳನ್ನು ಬಿಡದು. ‘ಉದ್ದೇಶ ಒಳ್ಳೆಯದಿತ್ತು’ ಎಂಬ ಒಂದೇ ಮಾತಿಗೆ ಎಷ್ಟೋ ಆಡಳಿತಗಳ ಲೆಕ್ಕ ಕೇಳದೆ ಉಳಿದಿದೆ. ಕಾರ್ನಾಡರು ಈ ರಿಯಾಯಿತಿ ಕೊಡಲಿಲ್ಲ. ಸುಲ್ತಾನ ರಾಜಧಾನಿ ಬದಲಿಸಿ ಜನರನ್ನು ಹೊರಡಿಸಿದ ದೌಲತಾಬಾದಿನ ದಾರಿಯಲ್ಲಿ, ಸಾಯುತ್ತಿರುವ ಮಗುವನ್ನು ವೈದ್ಯರ ಬಳಿಗೊಯ್ಯಲು ತಾಯಿ ಅಂಗಲಾಚುತ್ತಾಳೆ. ಅಧಿಕಾರಿಯಾಗಿರುವ ಅಜೀಜ್ ಲಂಚ ಕೇಳುತ್ತಾನೆ. ಕೆಲವೇ ನಿಮಿಷದ ಈ ದೃಶ್ಯವನ್ನು ಕತ್ತರಿಸಿ ಆಡಿದರೆ ನಾಟಕ ಸುಲ್ತಾನನ ಪರ ವಕಾಲತ್ತಾಗಿಬಿಡುತ್ತದೆ.