ಪೊಟ್ಟಣದ ಬೆನ್ನಿನ ಬರಹ

ಅಂಗಡಿಯಿಂದ ತಂದ ಬಿಸ್ಕತ್ತಿನ ಪೊಟ್ಟಣವನ್ನು ಒಡೆಯುವ ಮೊದಲು ಅದನ್ನು ತಿರುಗಿಸಿ ನೋಡುವವರು ವಿರಳ. ಮುಂಭಾಗದಲ್ಲಿ ಗೋಧಿಯ ತೆನೆ, ಹಾಲಿನ ಧಾರೆ, ನಗುವ ಮಗು ಮೊದಲಾದ ಚಿತ್ರಗಳು ಕಣ್ಸೆಳೆಯುವಂತೆ ಅಚ್ಚಾಗಿರುತ್ತವೆ. ಹಿಂಭಾಗದಲ್ಲಿ, ಅಂಟಿಸಿದ ಮಡಿಕೆಯ ಸನಿಹದಲ್ಲಿ, ಸಣ್ಣ ಅಕ್ಷರಗಳ ಕೋಷ್ಟಕವೊಂದು ಇರುತ್ತದೆ. ಚಿತ್ರವು ಮಾರುವವನ ಇಚ್ಛೆಯಿಂದ ಬಂದದ್ದು. ಕೋಷ್ಟಕವು ಕಾನೂನಿನ ಒತ್ತಾಯದಿಂದ ಬಂದದ್ದು. ಒಳಗಿರುವ ತಿನಿಸು ಎಂಥದು ಎಂದು ತಿಳಿಯಬಯಸುವವನು ಎರಡನೆಯದನ್ನು ನಂಬಬೇಕು.

ನಮ್ಮ ದೇಶದಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮವು 2006ರಲ್ಲಿ ಅಂಗೀಕೃತವಾಯಿತು. ಅದರ ಅಡಿಯಲ್ಲಿ ರಚಿತವಾದ ನಿಯಮಗಳಂತೆ, ಪೊಟ್ಟಣದಲ್ಲಿ ಮಾರುವ ಆಹಾರದ ನೂರು ಗ್ರಾಂ ಅಥವಾ ನೂರು ಮಿಲಿಲೀಟರಿನಲ್ಲಿ ಶಕ್ತಿ, ಸಸಾರಜನಕ, ಪಿಷ್ಟ, ಸಕ್ಕರೆ, ಕೊಬ್ಬು, ಸೋಡಿಯಂ ಇವು ಎಷ್ಟೆಷ್ಟಿವೆಯೆಂದು ಮುದ್ರಿಸಬೇಕು. ಬಳಸಿದ ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಹೆಸರಿಸಬೇಕು. ಈ ಎರಡನೆಯ ನಿಯಮ ಚಿಕ್ಕದಾಗಿ ಕಂಡರೂ ಬಹಳ ಉಪಯುಕ್ತವಾದುದು. ‘ರಾಗಿ ಬಿಸ್ಕತ್ತು’ ಎಂದು ದಪ್ಪಕ್ಷರಗಳಲ್ಲಿ ಬರೆದಿರುವ ಪೊಟ್ಟಣದ ಬೆನ್ನಿನಲ್ಲಿ ಮೊದಲು ಮೈದಾ, ಬಳಿಕ ಸಕ್ಕರೆ, ಅನಂತರ ಎಣ್ಣೆ, ಅದಾದ ಮೇಲೆ ರಾಗಿ ಎಂದಿದ್ದರೆ, ಅದು ಹೆಸರಿಗೆ ಮಾತ್ರ ರಾಗಿಯದು ಎಂದು ತಿಳಿಯಲು ಬೇರೆ ಸಾಕ್ಷಿ ಬೇಕಿಲ್ಲ.

ಕೋಷ್ಟಕವನ್ನು ಓದುವುದಕ್ಕೆ ಸ್ವಲ್ಪ ಲೆಕ್ಕವೂ ಬರಬೇಕು. ಖಾರದ ತಿನಿಸೊಂದರ ನೂರು ಗ್ರಾಂನಲ್ಲಿ 800 ಮಿಲಿಗ್ರಾಂ ಸೋಡಿಯಂ ಇದೆಯೆಂದಿಟ್ಟುಕೊಳ್ಳೋಣ. ಮನೆಯಲ್ಲಿ ಯಾರೂ ಸೋಡಿಯಂ ತಿನ್ನುವುದಿಲ್ಲ, ತಿನ್ನುವುದು ಉಪ್ಪನ್ನು. ಸೋಡಿಯಮ್ಮಿನ ತೂಕವನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. ಎಂದರೆ ನೂರು ಗ್ರಾಂ ತಿನಿಸಿನಲ್ಲಿ ಎರಡು ಗ್ರಾಂ ಉಪ್ಪು, ಐವತ್ತು ಗ್ರಾಂ ಪೊಟ್ಟಣದಲ್ಲಿ ಒಂದು ಗ್ರಾಂ. ವಯಸ್ಕನೊಬ್ಬನಿಗೆ ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೀಗೆ ಸಂಜೆಯ ಒಂದು ಸಣ್ಣ ಪೊಟ್ಟಣವೇ ದಿನದ ಉಪ್ಪಿನ ಐದನೆಯ ಒಂದು ಪಾಲನ್ನು ಮುಗಿಸಿಬಿಡುತ್ತದೆ. ಸಾರು, ಪಲ್ಯ, ಉಪ್ಪಿನಕಾಯಿಗಳ ಲೆಕ್ಕ ಇನ್ನೂ ಬಾಕಿಯಿರುತ್ತದೆ. ಸಿಹಿ ಪಾನೀಯದ ಮಾತೂ ಅಷ್ಟೆ. ನೂರು ಮಿಲಿಲೀಟರಿಗೆ ಹತ್ತು ಗ್ರಾಂ ಸಕ್ಕರೆಯಿರುವ ಪಾನೀಯದ 250 ಮಿಲಿಲೀಟರಿನ ಶೀಷೆಯಲ್ಲಿ 25 ಗ್ರಾಂ, ಅಂದರೆ ಸುಮಾರು ಐದು ಚಹಾ ಚಮಚ ಸಕ್ಕರೆ ಕರಗಿರುತ್ತದೆ. ಮನೆಯ ಕಾಫಿಗೆ ಐದು ಚಮಚ ಸಕ್ಕರೆ ಹಾಕಿಕೊಟ್ಟರೆ ಮಕ್ಕಳೇ ಬೇಡವೆಂದಾರು.

ಇಷ್ಟು ಲೆಕ್ಕವನ್ನು ಮಾಡಬಲ್ಲವರು ಯಾರು? ಇಲ್ಲಿಂದ ಪ್ರಶ್ನೆ ಕಠಿಣವಾಗುತ್ತದೆ. ಓದು ಬಲ್ಲ, ವಿರಾಮವುಳ್ಳ, ಒಂದರ ಬದಲು ಇನ್ನೊಂದನ್ನು ಕೊಳ್ಳುವಷ್ಟು ಹಣವುಳ್ಳ ಗ್ರಾಹಕನಿಗೆ ಕೋಷ್ಟಕವು ನಿಜವಾಗಿಯೂ ಉಪಕಾರಿ. ದಿನದ ಕೂಲಿ ಮುಗಿಸಿ, ಸಂಜೆಗತ್ತಲಲ್ಲಿ ಬೀದಿಯ ಅಂಗಡಿಯ ಮುಂದೆ ನಿಂತ ತಾಯಿಗೆ ಅದು ಏನನ್ನೂ ಹೇಳುವುದಿಲ್ಲ. ಬರಹವು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇದ್ದರೆ ಆಹಾರದ ನಿಯಮಕ್ಕೆ ಸಾಕು; ಇತರ ಭಾಷೆಗಳನ್ನು ಜೊತೆಗೆ ಸೇರಿಸಬಹುದು ಎಂದಷ್ಟೇ ಅದು ಹೇಳುತ್ತದೆ. ಕನ್ನಡವನ್ನು ಮಾತ್ರ ಓದಬಲ್ಲವಳು ಆ ಪೊಟ್ಟಣದ ಎದುರಿಗೆ ಅನಕ್ಷರಸ್ಥಳೇ ಆಗುತ್ತಾಳೆ.

ಇದಕ್ಕಿಂತ ವಿಚಿತ್ರವಾದ ಸಂಗತಿಯೊಂದುಂಟು. ಹೊದಿಕೆಯ ಮೇಲ್ಮೈ ನೂರು ಚದರ ಸೆಂಟಿಮೀಟರನ್ನು ಮೀರದಿದ್ದರೆ, ಅದರ ಮೇಲೆ ಸಾಮಗ್ರಿಗಳ ಪಟ್ಟಿಯಾಗಲಿ ಪೋಷಕಾಂಶಗಳ ಕೋಷ್ಟಕವಾಗಲಿ ಇರಬೇಕಾಗಿಲ್ಲವೆಂದು 2020ರ ನಿಯಮಗಳು ವಿನಾಯಿತಿ ನೀಡಿವೆ. ಎರಡೂ ಮಗ್ಗುಲು ಸೇರಿ ನೂರು ಚದರ ಸೆಂಟಿಮೀಟರ್ ಎಂದರೆ, ಐದು ಸೆಂಟಿಮೀಟರ್ ಅಗಲ, ಹತ್ತು ಸೆಂಟಿಮೀಟರ್ ಉದ್ದದ ಚಪ್ಪಟೆಯ ಚೀಲ. ವಿವರವು ಅಂಗಡಿಯವನಿಗೆ ಬರುವ ದೊಡ್ಡ ಕಟ್ಟಿನ ಮೇಲಿದ್ದರೆ ಸಾಕು. ಅಷ್ಟು ಸಣ್ಣ ಜಾಗದಲ್ಲಿ ಏನನ್ನೂ ಅಚ್ಚುಮಾಡಲಾಗದೆಂಬುದು ತಯಾರಕನ ಕಷ್ಟವಿರಬಹುದು. ಆದರೆ ಉಪ್ಪಿನಕಾಯಿ, ಮಿಠಾಯಿ, ಮಸಾಲೆಗಳನ್ನು ಅಂಥ ಪುಟ್ಟ ಚೀಲಗಳಲ್ಲಿ ಒಂದೊಂದಾಗಿ ಕೊಳ್ಳುವವರು ಒಮ್ಮೆಗೆ ಹೆಚ್ಚು ಹಣ ಬಿಚ್ಚಲಾರದವರು. ಬಡವನ ಚೀಲ ಚಿಕ್ಕದಾದಷ್ಟೂ ಅವನಿಗೆ ದೊರೆಯುವ ತಿಳಿವಳಿಕೆಯೂ ಚಿಕ್ಕದಾಗುತ್ತದೆ. ಇನ್ನು ಬೇಕರಿಯ ಬನ್ನು, ಬೀದಿಬದಿಯ ಬಜ್ಜಿಗಳಿಗೆ ಕೋಷ್ಟಕದ ಸುದ್ದಿಯೇ ಇಲ್ಲ.

ಇದು ಅಲ್ಪಸಂಖ್ಯಾತರ ಸಮಸ್ಯೆಯೆಂದು ತಳ್ಳಿಹಾಕುವಂತಿಲ್ಲ. 2022-23ರ ಗೃಹ ಬಳಕೆ ವೆಚ್ಚದ ಸಮೀಕ್ಷೆಯಂತೆ, ಭಾರತದ ಹಳ್ಳಿಗಳಲ್ಲಿ ಕುಟುಂಬದ ಖರ್ಚಿನ ಶೇಕಡಾ 9.6ರಷ್ಟು ಪಾನೀಯ, ಉಪಾಹಾರ, ಸಂಸ್ಕರಿತ ಆಹಾರಗಳಿಗೆ ಹೋಗುತ್ತಿತ್ತು. ಕೊಳ್ಳುವ ಧಾನ್ಯಗಳಿಗೆ ಹೋಗುತ್ತಿದ್ದದ್ದು ಶೇಕಡಾ 5ರಷ್ಟು ಮಾತ್ರ. ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮನೆಗೆ ಮೊದಲು ಬರುವ ಸಿರಿಯೇ ಪೊಟ್ಟಣದ ತಿನಿಸು. ಅದನ್ನು ತರುವ ತಂದೆತಾಯಿಗಳನ್ನು ದೂಷಿಸುವುದು ನ್ಯಾಯವಲ್ಲ. ತಾವು ಬಾಲ್ಯದಲ್ಲಿ ಕಾಣದ್ದನ್ನು ಮಕ್ಕಳ ಕೈಗಿಡುವ ಸಂತೋಷ ಅದರಲ್ಲಿದೆ.

ಚಿಲಿ ದೇಶವು ಇದಕ್ಕೆ ಬೇರೊಂದು ದಾರಿ ಹಿಡಿಯಿತು. ಸಕ್ಕರೆ, ಸೋಡಿಯಂ, ಸಂತೃಪ್ತ ಕೊಬ್ಬು ಅಥವಾ ಶಕ್ತಿ ನಿಗದಿತ ಮಿತಿಯನ್ನು ಮೀರಿದ ಆಹಾರದ ಮುಂಭಾಗದಲ್ಲಿಯೇ, ಎಂಟು ಮೂಲೆಗಳ ಕಪ್ಪು ಮುದ್ರೆಯನ್ನು ಅಚ್ಚುಮಾಡಬೇಕೆಂಬ ನಿಯಮ ಅಲ್ಲಿ 2016ರ ಜೂನ್ ತಿಂಗಳಲ್ಲಿ ಜಾರಿಗೆ ಬಂದಿತು. ಅಂಥ ಆಹಾರವನ್ನು ಶಾಲೆಗಳಲ್ಲಿ ಮಾರುವಂತಿಲ್ಲ. ಮಕ್ಕಳಿಗೆ ಜಾಹೀರಾತು ಮಾಡುವಂತಿಲ್ಲ. ಗುಣಾಕಾರ ಬಾರದ ಮಗುವೂ ಮುದ್ರೆಯನ್ನು ಗುರುತಿಸಬಲ್ಲದು. ಮುದ್ರೆ ಬಿದ್ದ ಸಿಹಿ ಪಾನೀಯಗಳ ಖರೀದಿ ಅಲ್ಲಿ ಸುಮಾರು ಕಾಲು ಭಾಗದಷ್ಟು ಇಳಿಯಿತೆಂದು ಅನಂತರದ ಅಧ್ಯಯನವೊಂದು ಕಂಡುಕೊಂಡಿತು. ಭಾರತದಲ್ಲಿ 2022ರಲ್ಲಿ ಪ್ರಕಟವಾದ ಕರಡು ನಿಯಮವು ಎಚ್ಚರಿಕೆಯ ಮುದ್ರೆಯ ಬದಲು ನಕ್ಷತ್ರಗಳ ಅಂಕವನ್ನು ಸೂಚಿಸಿತು. ನಕ್ಷತ್ರವು ಹೊಗಳಿಕೆಯ ಚಿಹ್ನೆ. ಒಂದೇ ನಕ್ಷತ್ರ ಪಡೆದ ಕೆಟ್ಟ ತಿನಿಸಿಗೂ ಅದರಿಂದ ಒಂದು ಅಲಂಕಾರ ದೊರೆತಂತಾಗುವುದು.

ಓದುವ ಹೊರೆಯನ್ನು ಗ್ರಾಹಕನ ಮೇಲೆ ಹೊರಿಸದೆಯೇ ಕೆಲಸ ಸಾಧಿಸುವ ಉಪಾಯಗಳೂ ಇವೆ. ಎಣ್ಣೆ ಮತ್ತು ಕೊಬ್ಬುಗಳಲ್ಲಿ ಕೈಗಾರಿಕೆಯಿಂದ ಉಂಟಾಗುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಹಾನಿಕರ. ಅದರ ಮಿತಿಯನ್ನು ನಮ್ಮ ದೇಶ 2021ರಲ್ಲಿ ಶೇಕಡಾ 3ಕ್ಕೂ, 2022ರಲ್ಲಿ ಶೇಕಡಾ 2ಕ್ಕೂ ಇಳಿಸಿತು. ವನಸ್ಪತಿ ಕೊಳ್ಳುವ ಶ್ರೀಮಂತನಿಗೂ ಬಡವನಿಗೂ ಈ ರಕ್ಷಣೆ ಏಕಪ್ರಕಾರವಾಗಿ ದೊರೆಯುತ್ತದೆ. ಬ್ರಿಟನ್ 2018ರ ಏಪ್ರಿಲಿನಿಂದ ಪಾನೀಯದ ಸಕ್ಕರೆಯನ್ನು ಅಳೆದು ತೆರಿಗೆ ವಿಧಿಸಿತು. ನೂರು ಮಿಲಿಲೀಟರಿಗೆ 5 ಗ್ರಾಂ ಮುಟ್ಟಿದರೆ ಒಂದು ದರ, 8 ಗ್ರಾಂ ಮುಟ್ಟಿದರೆ ಹೆಚ್ಚಿನ ದರ. ತೆರಿಗೆಯಿಂದ ತಪ್ಪಿಸಿಕೊಳ್ಳಲು ಅನೇಕ ತಯಾರಕರು ತಾವಾಗಿಯೇ ಸಕ್ಕರೆಯನ್ನು ಕಡಿಮೆ ಮಾಡಿದರು. ಕುಡಿಯುವವನು ಏನನ್ನೂ ಓದಬೇಕಾಗಲಿಲ್ಲ.

ತೆರಿಗೆಯ ಮಾತು ಬಂದಾಗ ನ್ಯಾಯವಾದ ಆಕ್ಷೇಪವೊಂದು ಏಳುತ್ತದೆ. ಒಂದು ಶೀಷೆಯ ಮೇಲಿನ ಐದು ರೂಪಾಯಿ ತೆರಿಗೆ ಧನಿಕನಿಗೆ ಲೆಕ್ಕಕ್ಕೇ ಬಾರದು. ಕೂಲಿಯವನಿಗೆ ಅದು ಭಾರ. ವರಮಾನ ತೆರಿಗೆ ಇರುವವನಿಂದ ಹೆಚ್ಚು ಪಡೆದರೆ, ಸರಕಿನ ಮೇಲಿನ ತೆರಿಗೆ ಯಾರ ಮುಖವನ್ನೂ ನೋಡುವುದಿಲ್ಲ. ಮೆಕ್ಸಿಕೋ 2014ರಲ್ಲಿ ಸಿಹಿ ಪಾನೀಯದ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿದಾಗ, ಖರೀದಿಯನ್ನು ಹೆಚ್ಚು ತಗ್ಗಿಸಿದವರು ಬಡ ಕುಟುಂಬದವರೇ. ಇದನ್ನು ಆರೋಗ್ಯದ ಲಾಭವೆನ್ನಬಹುದು, ಬಡವನ ಚಿಕ್ಕದೊಂದು ಸುಖಕ್ಕೆ ಬಿದ್ದ ಕತ್ತರಿಯೆಂದೂ ಎನ್ನಬಹುದು. ಎರಡೂ ನಿಜವೇ. ಯಾವುದು ಮೇಲಾಗುವುದೆಂಬುದು ಸಂಗ್ರಹವಾದ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅವಲಂಬಿಸಿದೆ.

ಏಕೆಂದರೆ ಎಷ್ಟು ಚೆನ್ನಾಗಿ ಬರೆದ ಕೋಷ್ಟಕವೂ ತಟ್ಟೆಯಲ್ಲಿ ಇಲ್ಲದ್ದನ್ನು ತಂದುಕೊಡಲಾರದು. ಅದು ಅತಿಯಾದುದನ್ನು ಕುರಿತು ಎಚ್ಚರಿಸುತ್ತದೆ, ಕೊರತೆಯನ್ನು ತುಂಬುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿತ್ತು. ರಕ್ತಹೀನಳಾದ ಬಾಲಕಿಗೆ ಪಾಠದಲ್ಲಿ ಮನಸ್ಸು ನಿಲ್ಲುವುದು ಕಷ್ಟ. ಬೆಳೆದ ಮೇಲೆ ದುಡಿಯುವುದೂ ಕಷ್ಟ. ತಂದೆಗಿಂತ ಮಗಳು ಒಂದು ಮೆಟ್ಟಿಲು ಮೇಲೇರಬೇಕಾದರೆ ಮೊದಲು ಅವಳ ಹೊಟ್ಟೆಯ ಚಿಂತೆಯಾಗಬೇಕು. ಕರ್ನಾಟಕದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹವೂ, 2013ರಲ್ಲಿ ಆರಂಭವಾದ ಕ್ಷೀರಭಾಗ್ಯವೂ ಮಾಡಿದ ಕೆಲಸ ಇದೇ. ಉಳ್ಳವರಿಂದ ತೆರಿಗೆಯಾಗಿ ಬಂದ ಹಣ ಅಲ್ಲಿ ಅನ್ನವೂ ಹಾಲೂ ಆಗಿ ಮಕ್ಕಳನ್ನು ಸೇರುತ್ತದೆ.

ನಮ್ಮ ದೇಶದಲ್ಲಿ ಗಾಳಿ ತುಂಬಿದ ಸಿಹಿ ಪಾನೀಯಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2025ರ ಸೆಪ್ಟೆಂಬರಿನಿಂದ ಶೇಕಡಾ 40 ಎಂದು ನಿಗದಿಪಡಿಸಲಾಯಿತು. ಅದಕ್ಕೂ ಮೊದಲು ತೆರಿಗೆ ಶೇಕಡಾ 28, ಪರಿಹಾರ ಉಪಕರ ಶೇಕಡಾ 12, ಕೂಡಿದರೆ ಅಷ್ಟೇ. ದರವೇನೋ ದೊಡ್ಡದು. ಆದರೆ ಹನ್ನೆರಡು ಗ್ರಾಂ ಸಕ್ಕರೆಯ ಪಾನೀಯಕ್ಕೂ ನಾಲ್ಕು ಗ್ರಾಂನದಕ್ಕೂ ಅದು ಒಂದೇ. ಹೀಗಿರುವಲ್ಲಿ ಸಕ್ಕರೆಯನ್ನು ತಗ್ಗಿಸಿದ ತಯಾರಕನಿಗೆ ಯಾವ ಲಾಭವೂ ಇಲ್ಲ. ಸಕ್ಕರೆಯ ಪ್ರಮಾಣವೋ ಪೊಟ್ಟಣದ ಬೆನ್ನಿನ ಮೇಲೆ ಈಗಾಗಲೇ ಮುದ್ರಿತವಾಗಿದೆ. ಗ್ರಾಹಕನು ಓದಲೆಂದು ಅದನ್ನು ಬರೆಸಿದ ಸರ್ಕಾರವು, ತೆರಿಗೆ ವಿಧಿಸುವಾಗ ತಾನೂ ಒಮ್ಮೆ ಅದನ್ನು ಓದಬಹುದು.